ಮೊದಲು ಊರು, ಆಮೇಲೆ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ. ವಂಶವೃಕ್ಷ ಬರೆಯಲು ಹೊರಟವರು ಪತ್ರಾಗಾರದ ಬಾಗಿಲಲ್ಲೇ ಮುತ್ತಜ್ಜನ ಹೆಸರು ಹೇಳಿ, ‘ಇವರ ಕಾಗದ ಕೊಡಿ’ ಎನ್ನುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ಮೊದಲು ಅಲ್ಲಿಯ ದಾಖಲೆಗಳ ಪಟ್ಟಿಯನ್ನು ಕೇಳಿ ಪಡೆಯಿರಿ. ಅದರಲ್ಲಿ ಬಹುಪಾಲು ಇರುವುದು ತಾಲ್ಲೂಕು, ಊರು, ಇಸವಿ, ವಿಷಯ. ನಿಮ್ಮ ಮುತ್ತಜ್ಜ ಅಲ್ಲಿಲ್ಲ, ಅವರ ಊರಿದೆ. ಮೊದಲು ಊರು, ಆಮೇಲೆ ಹೆಸರು.

ನಮ್ಮಲ್ಲಿ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುತ್ತಾರೆ. ಒಂದೇ ಮನೆತನದಲ್ಲಿ ಮೂವರು ಬಸಪ್ಪಂದಿರು. ಬರೀ ಹೆಸರು ಹಿಡಿದು ಹೊರಟರೆ ಯಾವ ಬಸಪ್ಪ ಸಿಕ್ಕಾನು?

ಹಿರೇಕೆರೂರು ಕಡೆಯ ನಿವೃತ್ತ ಮಾಸ್ತರರೊಬ್ಬರು ಎರಡು ದಿನ ಪಟ್ಟಿ ತಿರುವಿ ಬೇಸತ್ತು, ‘ನಮ್ಮ ತಾಲ್ಲೂಕೇ ಇದರಲ್ಲಿ ಇಲ್ಲವಲ್ಲ’ ಎಂದರು. ‘ಮಾಸ್ತರೇ, ಕೋಡ ತಾಲ್ಲೂಕು ನೋಡಿದಿರಾ?’ ಎಂದು ಕೇಳಿದೆ. ಬ್ರಿಟಿಷರ ಕಾಲದಲ್ಲಿ ಆ ಸೀಮೆಗೆ ಕೋಡ ತಾಲ್ಲೂಕು ಎಂದು ಹೆಸರು. ಹಾವೇರಿ ಆಗ ಕರಜಗಿ ತಾಲ್ಲೂಕಿನಲ್ಲಿತ್ತು. ಅವರು ಪುಟ ಹಿಂದಕ್ಕೆ ತಿರುವಿದರು. ಊರ ಹೆಸರಿನ ಮುಂದೆ ಒಂದೇ ಸಾಲು: ‘ಗೌಡಕಿ ವತನ, ವಾರಸಾ ತಕರಾರು’, ಅಂದರೆ ಊರ ಗೌಡಿಕೆಯ ವಂಶಪಾರಂಪರ್ಯ ಹಕ್ಕಿಗಾಗಿ ವಾರಸುದಾರರ ಜಗಳ. ಕಡತ ಬಂತು. ವತನ ಯಾರಿಗೆ ಸಲ್ಲಬೇಕು ಎಂಬ ಜಗಳದಲ್ಲಿ ವಂಶಾವಳಿ ಹಾಜರುಪಡಿಸದೆ ವಾದ ನಿಲ್ಲುತ್ತಿರಲಿಲ್ಲ, ನೋಡಿ! ಮಡಿಕೆಯಲ್ಲಿ ಸವೆದ ಹಾಳೆಯ ಮೇಲೆ ಐದು ತಲೆಮಾರು, ತಂದೆಯಿಂದ ಮಗನಿಗೆ ಗೆರೆ ಎಳೆದಿತ್ತು. ಮಾಸ್ತರರ ಮುತ್ತಜ್ಜನ ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ದತ್ತಕ’ ಎಂದಿತ್ತು, ಕೆಳಗೆ ಅವರು ಹುಟ್ಟಿದ ಊರು. ಮನೆಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಮಾಸ್ತರರು ಬಹಳ ಹೊತ್ತು ಆ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದರು. ಆಮೇಲೆ ಎದ್ದು ಮತ್ತೆ ಪಟ್ಟಿಯನ್ನೇ ಕೇಳಿದರು, ಈ ಸಲ ಆ ಊರಿನ ಹೆಸರು ಹಿಡಿದು.

ಈ ಪ್ರಸಂಗದಲ್ಲೇ ನನ್ನ ಸಮಯವೆಲ್ಲ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಹಳೆಯ ಕಾಗದಗಳು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿದ್ದರೆ ಹೆದರಬೇಡಿ, ಓದಬಲ್ಲವರನ್ನು ಕರೆದುಕೊಂಡು ಹೋಗಿ. ಧಾರವಾಡ ಸೀಮೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಆದ್ದರಿಂದ ಪುಣೆ ಮತ್ತು ಮುಂಬಯಿ ಪತ್ರಾಗಾರಗಳ ಪಟ್ಟಿಗಳನ್ನೂ ನೋಡಿ. ಹೆಳವರು ಮನೆಗೆ ಬಂದು ವಂಶಾವಳಿ ಹೇಳಿದರೆ, ಕಾಳು ಕೊಟ್ಟು ಕಳುಹಿಸುವ ಮುನ್ನ ನಿಮ್ಮ ಮೂಲ ಊರು ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ. ಹೆಸರು ಆಮೇಲೆ.

ಇವತ್ತು ಊಟಕ್ಕೆ ಕುಳಿತಾಗ ಮನೆಯ ಹಿರಿಯರನ್ನು ಇಷ್ಟು ಕೇಳಿ: ‘ಅಜ್ಜಿ, ನಮ್ಮ ಊರು ಮೊದಲು ಯಾವ ತಾಲ್ಲೂಕಿನಲ್ಲಿತ್ತು?’ ನಮಸ್ಕಾರ.