16 ಪಂಪ್, ಒಂದೇ ಪಾಪ್‌ಅಪ್

ಹಾಯ್ ಎಲ್ರಿಗೂ. ಇವತ್ತು ಪೀಣ್ಯದ ಒಂದು ಪ್ಯಾನೆಲ್ ಶಾಪ್‌ನಲ್ಲಿದೀನಿ. ಹಿಂದೆ ಕೇಳ್ತಿರೋದು ಪಕ್ಕದ ಶೆಡ್ಡಿನ ಗ್ರೈಂಡರ್, ಎಡಿಟ್‌ನಲ್ಲಿ ಎಷ್ಟು ಒದ್ದಾಡಿದ್ರೂ ಪೂರ್ತಿ ಹೋಗ್ಲಿಲ್ಲ.

ಟೇಬಲ್ ಮೇಲಿರೋದು ಸೀಮೆನ್ಸ್ ಕಂಫರ್ಟ್ ಪ್ಯಾನೆಲ್, ಅಂದ್ರೆ ಆಪರೇಟರ್ ಮುಟ್ಟೋ ಟಚ್‌ಸ್ಕ್ರೀನ್. ಪಕ್ಕದಲ್ಲಿ ಎಸ್7-1200 ಪಿಎಲ್‌ಸಿ, ಪಂಪ್‌ಗಳನ್ನ ನಡೆಸೋ ಕಂಟ್ರೋಲರ್. ಪರದೆ ಮೇಲೆ 16 ಪಂಪ್ ಚಿತ್ರ. ಯಾವುದನ್ನ ಮುಟ್ಟಿದ್ರೂ ಒಂದು ಸಣ್ಣ ಕಿಟಕಿ, ಅಂದ್ರೆ ಪಾಪ್‌ಅಪ್, ತೆರೆಯುತ್ತೆ: ಸ್ಟಾರ್ಟ್, ಸ್ಟಾಪ್, ಆಟೋ-ಮ್ಯಾನ್ಯುಯಲ್, ಆಂಪ್ಸ್, ಎಷ್ಟು ಗಂಟೆ ಓಡಿದೆ.

ಹೊಸಬರು ಸಾಮಾನ್ಯವಾಗಿ ಒಂದು ಪಾಪ್‌ಅಪ್ ಮಾಡಿ, ಅದನ್ನೇ ಕಾಪಿ ಹೊಡೆದು, ಒಂದೊಂದರಲ್ಲೂ ಟ್ಯಾಗ್ (ಪ್ಯಾನೆಲ್ ಓದೋ-ಬರೆಯೋ ಒಂದೊಂದು ಮೌಲ್ಯದ ಹೆಸರು) ಬದಲಾಯಿಸ್ತಾ ಕೂರ್ತಾರೆ. ಆಮೇಲೆ ಕ್ಲೈಂಟ್ ಬಂದು "ಟ್ರಿಪ್ ರೀಸೆಟ್ ಬಟನ್ ಒಂದು ಬೇಕಿತ್ತಲ್ಲಾ" ಅಂತಾರೆ. ಆಗ 16 ಕಡೆ ತಿದ್ದಬೇಕು. 14ನೇದರಲ್ಲಿ 13ರ ಟ್ಯಾಗ್ ಹಾಗೇ ಉಳಿದಿರುತ್ತೆ, ಗೊತ್ತಾಗೋದು ಕಮಿಷನಿಂಗ್ ದಿನ, ಸೈಟ್‌ನಲ್ಲಿ ಎಲ್ಲಾ ಓಡಿಸಿ ನೋಡುವಾಗ.

ಇಲ್ಲಿ ಹಾಗಿಲ್ಲ. ಪಿಎಲ್‌ಸಿಯ ಡೇಟಾ ಬ್ಲಾಕ್‌ನಲ್ಲಿ 1ರಿಂದ 16ರವರೆಗೆ ಒಂದು ಅರೇ, ಅಂದ್ರೆ ನಂಬರ್ ಹಾಕಿದ ಸಾಲು. ಪ್ರತಿ ಪಂಪಿಗೂ ಒಂದೇ ಅಚ್ಚಿನ ಸ್ಟ್ರಕ್ಚರ್, ಅದರ ಮೌಲ್ಯಗಳೆಲ್ಲಾ ಒಂದೇ ಗುಂಪಲ್ಲಿ. ಪ್ಯಾನೆಲ್‌ನಲ್ಲಿ ಟ್ಯಾಗ್ ವಿಳಾಸ ಬರೆಯುವಾಗ ಅರೇಯ ನಂಬರ್ ಜಾಗಕ್ಕೆ, ಯಾವ ಪಂಪ್ ಅಂತ ಹೇಳೋ ಇಂಡೆಕ್ಸ್ ಟ್ಯಾಗ್ ಕೂರಿಸಿದೀನಿ. 5ನೇ ಪಂಪ್ ಮುಟ್ಟಿದ್ರೆ ಮೊದಲು ಇಂಡೆಕ್ಸ್ 5 ಆಗುತ್ತೆ, ಆಮೇಲೆ ಪಾಪ್‌ಅಪ್ ತೆರೆಯುತ್ತೆ. ಇಂಡೆಕ್ಸ್‌ನ ಸ್ಟಾರ್ಟ್ ವ್ಯಾಲ್ಯೂ 1 ಕೊಟ್ಬಿಡಿ. ಸೊನ್ನೆ ಬಿಟ್ರೆ ಆ ನಂಬರಿನ ಪಂಪೇ ಇರಲ್ಲ.

ಬೇರೆ ಕಂಪನಿಗಳ ಪ್ಯಾನೆಲ್, ಸಾಫ್ಟ್‌ವೇರ್‌ಗಳಲ್ಲೂ ಇಂಥದ್ದಿದೆ. ವೀನ್‌ಟೆಕ್‌ನಲ್ಲಿ ಇದಕ್ಕೆ ಇಂಡೆಕ್ಸ್ ರಿಜಿಸ್ಟರ್ ಅಂತಾರೆ, ವಿಳಾಸ ಎಲ್‌ಡಬ್ಲ್ಯೂ-9200ರಿಂದ ಶುರು. ಇನ್‌ಟಚ್‌ನಲ್ಲಿ ಇನ್‌ಡೈರೆಕ್ಟ್ ಟ್ಯಾಗ್. ಫ್ಯಾಕ್ಟರಿಟಾಕ್ ವ್ಯೂನಲ್ಲಿ ಪ್ಯಾರಾಮೀಟರ್ ಫೈಲ್, ಅಲ್ಲಿ ಪರದೆ ತೆರೆಯುವಾಗಲೇ ಯಾವ ಪಂಪ್ ಅನ್ನೋದು ನಿಗದಿ ಆಗಿಬಿಡುತ್ತೆ.

ಇಷ್ಟು ಎಲ್ಲರೂ ಹೇಳ್ತಾರೆ. ನನ್ನ ತಕರಾರು ಇರೋದು ಈ ಇಂಡೆಕ್ಸನ್ನ ಎಲ್ಲಿ ಇಡ್ತಾರೆ ಅನ್ನೋದ್ರಲ್ಲಿ. ತುಂಬಾ ಪ್ರಾಜೆಕ್ಟ್‌ಗಳಲ್ಲಿ ಅದು ಪಿಎಲ್‌ಸಿ ಒಳಗಿರುತ್ತೆ. ಒಂದೇ ಪ್ಯಾನೆಲ್ ಇದ್ದಾಗ ಏನೂ ತೊಂದರೆ ಇಲ್ಲ. ಕಂಟ್ರೋಲ್ ರೂಮಿನಲ್ಲಿ ಇನ್ನೊಂದು ಪ್ಯಾನೆಲ್ ಬಂತು ಅಂದ್ಕೊಳ್ಳಿ. ಫೀಲ್ಡ್‌ನಲ್ಲಿ ಒಬ್ರು 5ನೇ ಪಂಪಿನ ಸ್ಟಾರ್ಟ್ ಒತ್ತಿ ಹಿಡಿದಿದಾರೆ, ಅದರ ಬಿಟ್ (ಒತ್ತಿದಾಗ 1, ಬಿಟ್ಟಾಗ ಸೊನ್ನೆ) 1 ಆಗಿದೆ. ಅದೇ ಕ್ಷಣಕ್ಕೆ ಮೇಲೆ ಕೂತವರು 9 ಮುಟ್ಟಿದ್ರು. ಇಂಡೆಕ್ಸ್ 9ಕ್ಕೆ ಹಾರ್ತು. ಕೆಳಗಿನವರು ಬೆರಳು ತೆಗೆದಾಗ ಸೊನ್ನೆ ಹೋಗಿ ಬೀಳೋದು 9ನೇ ಪಂಪಿನ ಬಿಟ್ಟಿಗೆ. 5ರ ಸ್ಟಾರ್ಟ್ ಬಿಟ್ ಆನ್ ಆಗೇ ಉಳೀತು!

ಹಾಗಾಗಿ ಇಂಡೆಕ್ಸ್ ಪ್ಯಾನೆಲ್ ಒಳಗೇ ಇರೋ ಇಂಟರ್ನಲ್ ಟ್ಯಾಗ್ ಆಗಿರಲಿ, ಪ್ರತಿ ಪ್ಯಾನೆಲ್‌ಗೂ ಅದರದ್ದೇ. ಬಟನ್ ಬರೀ ಬಿಟ್ ಸೆಟ್ ಮಾಡಲಿ, ಆಜ್ಞೆ ಓದ್ಕೊಂಡು ಅದನ್ನ ಸೊನ್ನೆ ಮಾಡೋ ಕೆಲಸ ಪಿಎಲ್‌ಸಿಗೆ ಬಿಡಿ. ಬೆರಳು ಬಿಟ್ಟಾಗ ಏನಾಗುತ್ತೆ ಅನ್ನೋ ಪ್ರಶ್ನೆಯೇ ಬರಲ್ಲ. ಎಮರ್ಜೆನ್ಸಿ ಸ್ಟಾಪ್ ಅಂತೂ ತಂತಿ ಎಳೆದ ನಿಜವಾದ ಬಟನ್ನೇ ಆಗಿರಬೇಕು, ಪಾಪ್‌ಅಪ್‌ನಲ್ಲಿ ಹಾಕಿ ಅಂತ ಯಾರೇ ಹೇಳಿದ್ರೂ ಒಪ್ಪಬೇಡಿ.

ಈಗ ಇಲ್ಲಿ ನೋಡಿ, ಸ್ಲೋ ಮಾಡಿ ತೋರಿಸ್ತೀನಿ. 5ರಿಂದ 9ಕ್ಕೆ ಹೋದೆ. ಹೆಡಿಂಗ್ ತಕ್ಷಣ "ಪಂಪ್ 9" ಆಯ್ತು, ಆಂಪ್ಸ್ ಇನ್ನೂ 5ರದ್ದೇ. ಇಂಡೆಕ್ಸ್ ಪ್ಯಾನೆಲ್ ಒಳಗಿದೆ, ಆಂಪ್ಸ್ ಪಿಎಲ್‌ಸಿಯಿಂದ ಬರಬೇಕು, ಡೀಫಾಲ್ಟ್ ಅಕ್ವಿಸಿಷನ್ ಸೈಕಲ್, ಅಂದ್ರೆ ಪಿಎಲ್‌ಸಿಯಿಂದ ಮೌಲ್ಯ ಓದೋ ಅಂತರ, 1 ಸೆಕೆಂಡ್. ಆ ಒಂದು ಗಳಿಗೆ ಪರದೆ ಸುಳ್ಳು ಹೇಳ್ತಿದೆ. ಪರಿಹಾರ ಸುಲಭ: ಪಂಪಿನ ಹೆಸರನ್ನೂ ಅದೇ ಸ್ಟ್ರಕ್ಚರ್ ಒಳಗೆ ಹಾಕಿ, ಹೆಡಿಂಗ್ ಅಲ್ಲಿಂದಲೇ ಓದಲಿ. ಹೆಸರು, ಆಂಪ್ಸ್ ಎರಡೂ ಒಂದೇ ದಾರೀಲಿ ಬರುತ್ತೆ.

ಅಲಾರಂ, ಟ್ರೆಂಡ್, ಡೇಟಾ ಲಾಗ್ ಇವಕ್ಕೆ ಮಾತ್ರ ಇಂಡೆಕ್ಸ್ ತಾಗಿಸಲೇಬೇಡಿ. ಯಾರೋ ಪಾಪ್‌ಅಪ್ ಬದಲಾಯಿಸಿದ ಕೂಡಲೇ ಲಾಗ್‌ನ ಗೆರೆ ಅರ್ಧ 5ರದ್ದು, ಅರ್ಧ 9ರದ್ದು ಆಗಿರುತ್ತೆ. ಅಲ್ಲಿ 16 ಟ್ಯಾಗ್ ಬೇಕು ಅಂದ್ರೆ 16 ಟೈಪ್ ಮಾಡಿ, ಕಾಫಿ ಪಕ್ಕದಲ್ಲಿಟ್ಕೊಂಡು.