ದುಡಿದರೂ ಸೂರಿಲ್ಲ

ಕೇಳುಗರೇ, ನಮಸ್ಕಾರ.

ಕೈಯಲ್ಲಿ ಕೆಲಸ ಇದ್ದರೆ ತಲೆ ಮೇಲೊಂದು ಸೂರು ಇದ್ದೇ ಇರುತ್ತೆ ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಇಂಗ್ಲೆಂಡಿನಲ್ಲಿ ಈಗ ಹಾಗಿಲ್ಲ. ವಯಸ್ಸಾದವರ ಆರೈಕೆ ಮಾಡುವವರು, ಅಂಗಡಿಗಳಲ್ಲಿ ದುಡಿಯುವವರು ಕೆಲಸ ಮುಗಿಸಿ ಮಕ್ಕಳ ಜೊತೆ ಹೋಟೆಲಿನ ಒಂದೇ ಕೋಣೆಗೆ ಮರಳುವುದುಂಟು.

ಸಂಬಳ ಕಮ್ಮಿ ಇರುವ ಬಾಡಿಗೆದಾರರಿಗೆ ಅಲ್ಲಿನ ಸರ್ಕಾರ ನೆರವು ಕೊಡುತ್ತದೆ. ಅದಕ್ಕೊಂದು ಮಿತಿ ಇದೆ, ಲೋಕಲ್ ಹೌಸಿಂಗ್ ಅಲೋಯನ್ಸ್ ಅಂತ. ಒಂದು ಪ್ರದೇಶದ 100 ಮನೆಗಳನ್ನು ಅಗ್ಗದ ಬಾಡಿಗೆಯಿಂದ ಹಿಡಿದು ದುಬಾರಿ ಬಾಡಿಗೆಯವರೆಗೆ ಸಾಲಾಗಿ ಬರೆದುಕೊಳ್ಳಿ. 2008ರಲ್ಲಿ ನಟ್ಟನಡುವಿನ ಮನೆಯ ಬಾಡಿಗೆಯೇ ಮಿತಿ. 2011ರಲ್ಲಿ ಅದನ್ನು 30ನೇ ಮನೆಗೆ ಇಳಿಸಿದರು.

ಅಷ್ಟನ್ನಾದರೂ ಉಳಿಸಿಕೊಂಡಿದ್ದರೆ ಹೇಗೋ ನಡೆಯುತ್ತಿತ್ತು. 2016ರಿಂದ ನಾಲ್ಕು ವರ್ಷ ಬಹುತೇಕ ಕಡೆ ಈ ಮಿತಿಯ ದರ ಏರಿಸಲೇ ಇಲ್ಲ. ಕೋವಿಡ್ ಬಂದಾಗ ಸರಿಪಡಿಸಿದರು, ಮತ್ತೆ ತಡೆದರು. 2024ರ ಏಪ್ರಿಲ್‌ನಲ್ಲಿ ಏರಿಸಿದರು, 2025ರಲ್ಲಿ ಮತ್ತೆ ತಡೆದರು. ಬಾಡಿಗೆ ಮಾತ್ರ ಏರುತ್ತಲೇ ಇತ್ತು.

ಮನೆ ಬಾಡಿಗೆ 1,000 ಪೌಂಡ್, ಮಿತಿ 850 ಎಂದಿಟ್ಟುಕೊಳ್ಳಿ. ಉಳಿದ 150ನ್ನು ಒಬ್ಬ ತಾಯಿ ಎಲ್ಲಿಂದ ತರಬೇಕು? ದಿನಸಿಯ ದುಡ್ಡಿನಿಂದಲೇ. ಇನ್ನೂ ಜಾಸ್ತಿ ಹೊತ್ತು ದುಡಿಯೋಣ ಅಂದರೆ, ಒಂದು ಹಂತ ದಾಟಿದ ಮೇಲೆ ಗಳಿಸಿದ ಪ್ರತಿ ಪೌಂಡಿಗೆ 55 ಪೆನ್ಸ್ ನೆರವು ಕಡಿತವಾಗುತ್ತದೆ. ಮೊದಲು ಸಾಲ, ಆಮೇಲೆ ಬಾಡಿಗೆ ಬಾಕಿ, ಆಮೇಲೆ ಮನೆ ಬಿಡಿ ಎನ್ನುವ ನೋಟಿಸು. ಕೆಲಸದ ವೀಸಾದಲ್ಲಿ ಹೋದ ನಮ್ಮವರಿಗಂತೂ ಸಾಮಾನ್ಯವಾಗಿ ಈ ನೆರವೂ ಇಲ್ಲ.

ಇಂಗ್ಲೆಂಡಿನಲ್ಲಿ ಇಂದು ಒಂದು ಲಕ್ಷಕ್ಕೂ ಹೆಚ್ಚು ಸಂಸಾರಗಳು ತಾತ್ಕಾಲಿಕ ವಸತಿಯಲ್ಲಿವೆ. ಮಕ್ಕಳಿರುವವರನ್ನು ಹೋಟೆಲಿನಂಥ ಕಡೆ ಆರು ವಾರಕ್ಕಿಂತ ಜಾಸ್ತಿ ಇಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಆದರೂ ಎಷ್ಟೋ ಸಂಸಾರಗಳು ಆ ಗಡುವು ದಾಟಿವೆ. ಎಷ್ಟೋ ಕಡೆ ಅಡುಗೆಗೆ ಜಾಗವಿಲ್ಲ, ಹೋಂವರ್ಕ್ ಮಾಡಲು ಮೇಜಿಲ್ಲ.

ಇದರಿಂದ ಉಳಿತಾಯವಾದರೂ ಆಯಿತಾ ಎಂದರೆ, ಅದೂ ಇಲ್ಲ. ಮನೆ ಕಳೆದುಕೊಂಡವರ ವಸತಿಗೆ ಸ್ಥಳೀಯ ಕೌನ್ಸಿಲ್‌ಗಳು ದುಬಾರಿ ಬೆಲೆ ತೆರುತ್ತಿವೆ. ಕೇಂದ್ರ ಸರ್ಕಾರ ಅವುಗಳಿಗೆ ತುಂಬಿಕೊಡುವುದು ಅದೇ ಲೋಕಲ್ ಹೌಸಿಂಗ್ ಅಲೋಯನ್ಸ್‌ನ 2011ರ ಜನವರಿಯ ದರದ ಶೇಕಡ 90ರ ಲೆಕ್ಕದಲ್ಲಿ. ಹೊಸ ಮನೆಗಳನ್ನು ಕಟ್ಟಲು ವರ್ಷಗಳೇ ಬೇಕು, ಒಪ್ಪುತ್ತೇನೆ. ಆದರೆ ನೆರವಿನ ದರವನ್ನು ಪ್ರತಿ ಏಪ್ರಿಲ್‌ನಲ್ಲಿ ಆ ವರ್ಷದ ಬಾಡಿಗೆಗೆ ಹೊಂದಿಸಲು ಒಂದು ಇಟ್ಟಿಗೆಯೂ ಬೇಕಿಲ್ಲ. ಅಲ್ಲಿನ ಸರ್ಕಾರ ಅದನ್ನು ಈ ವರ್ಷವೇ ಮಾಡಬಹುದು.

ನಮಸ್ಕಾರ.