ಕಾಡಂಚಿನ ಶಾಲೆಗೆ ದುಡ್ಡು ಕೊಡಬೇಕಾದವರು ಯಾರು?

ಎಲ್ಲರಿಗೂ ನಮಸ್ಕಾರ.

2007ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಜಾಕ್ಸನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) 15 ಸಾರ್ವಜನಿಕ ಗ್ರಂಥಾಲಯಗಳಿಗೆ ಒಟ್ಟಿಗೇ ಬೀಗ ಬಿತ್ತು. ಆ ಕೌಂಟಿಯಲ್ಲಿ ಇದ್ದದ್ದೇ ಅಷ್ಟು ಗ್ರಂಥಾಲಯ. ಕೆಲವೇ ವರ್ಷಗಳ ಹಿಂದೆ ಅಲ್ಲಿನ ಜನ ಮತ ಹಾಕಿ, ಸಾಲಕ್ಕೆ ಒಪ್ಪಿಗೆ ಕೊಟ್ಟು, ಗ್ರಂಥಾಲಯಗಳಿಗೆ ಹೊಸ ಕಟ್ಟಡ ಕಟ್ಟಿಸಿಕೊಂಡಿದ್ದರು. ಕಟ್ಟಡ ಇತ್ತು, ಪುಸ್ತಕ ಇತ್ತು, ಓದುವ ಮಕ್ಕಳಿದ್ದರು. ಬಾಗಿಲು ತೆಗೆದು ಕೂರುವ ಸಿಬ್ಬಂದಿಗೆ ಕೊಡಲು ಸಂಬಳ ಇರಲಿಲ್ಲ. ಆ ಸಂಬಳ ಬರುತ್ತಿದ್ದದ್ದು ಕಾಡಿನ ಲೆಕ್ಕದಿಂದ. ಇವತ್ತಿನ ನನ್ನ ಮಾತು ಆ ಲೆಕ್ಕದ ಬಗ್ಗೆ.

ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಊರಿನ ಸುತ್ತ ಕಾಡಿದೆಯೋ ಗದ್ದೆಯಿದೆಯೋ, ಸಂಬಳಕ್ಕೆ ಅದು ಸಂಬಂಧವಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಶಾಲೆ, ರಸ್ತೆ, ಪೊಲೀಸು ಇವೆಲ್ಲ ಬಹುಪಾಲು ಬೆಳೆದು ಬಂದದ್ದು ಸ್ಥಳೀಯ ಆಸ್ತಿ ತೆರಿಗೆಯ ಮೇಲೆ. ಮನೆ, ಜಮೀನು, ಅಂಗಡಿ, ಕಾರ್ಖಾನೆ ಹೆಚ್ಚಿದ್ದರೆ ಶಾಲೆಗೂ ಹೆಚ್ಚು ದುಡ್ಡು. ಆದರೆ ಕೇಂದ್ರ ಸರ್ಕಾರದ ಜಮೀನಿನ ಮೇಲೆ ಕೌಂಟಿ ತೆರಿಗೆ ಹಾಕುವಂತಿಲ್ಲ. ಅಲ್ಲಿನ ರಾಷ್ಟ್ರೀಯ ಅರಣ್ಯಗಳ ವಿಸ್ತೀರ್ಣ ಸುಮಾರು 19.3 ಕೋಟಿ ಎಕರೆ, ಅಂದರೆ ಹೆಚ್ಚುಕಡಿಮೆ ನಮ್ಮ ಕರ್ನಾಟಕದ ನಾಲ್ಕು ಪಟ್ಟು. ವಾಷಿಂಗ್ಟನ್ ರಾಜ್ಯದ ಸ್ಕಮೇನಿಯ ಕೌಂಟಿಯಲ್ಲಿ ಸುಮಾರು ಶೇ 80ರಷ್ಟು ನೆಲ ಒಂದೇ ರಾಷ್ಟ್ರೀಯ ಅರಣ್ಯಕ್ಕೆ ಸೇರಿದೆ. ಕ್ಯಾಲಿಫೋರ್ನಿಯಾದ ಟ್ರಿನಿಟಿ, ಐಡಹೋದ ಐಡಹೋ ಕೌಂಟಿ ಇವುಗಳ ಸ್ಥಿತಿಯೂ ಇಂಥದ್ದೇ. ಇಂಥ ಕಡೆ ಶಾಲೆ ನಡೆಸುವುದಕ್ಕೆ ಯಾರ ಮೇಲೆ ಕಂದಾಯ ಹಾಕಬೇಕು?

ಈ ಪ್ರಶ್ನೆ 1900ರ ದಶಕದಲ್ಲೇ ಎದ್ದಿತ್ತು. ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಮತ್ತು ಅರಣ್ಯ ಸೇವೆಯ ಮುಖ್ಯಸ್ಥ ಗಿಫರ್ಡ್ ಪಿಂಚೊ ಪಶ್ಚಿಮದ ಕಾಡುಗಳನ್ನು ಭರದಿಂದ ಕಾಯ್ದಿಡುತ್ತಿದ್ದ ಕಾಲ ಅದು. ಊರಿನ ಮಗ್ಗುಲ ಕಾಡು ಶಾಶ್ವತವಾಗಿ ಸರ್ಕಾರದ್ದಾದರೆ ನಮ್ಮ ಗತಿಯೇನು ಎಂದು ಪಶ್ಚಿಮದವರು ಕೇಳಿದರು. ಉತ್ತರವಾಗಿ 1908ರಲ್ಲಿ ಕಾನೂನು ಬಂತು: ರಾಷ್ಟ್ರೀಯ ಅರಣ್ಯದ ಆದಾಯದಲ್ಲಿ ಶೇ 25 ಭಾಗ ಆಯಾ ಕೌಂಟಿಗಳ ಶಾಲೆ ಮತ್ತು ರಸ್ತೆಗಳಿಗೆ. ನ್ಯಾಯವಾದ ಮಾತೇ. ಆದರೆ ಆದಾಯ ಅಂದರೆ ಬಹುಪಾಲು ನಾಟಾ ಮಾರಿದ ದುಡ್ಡು. ಮರ ಬಿದ್ದರೆ ಶಾಲೆಗೆ ಕಾಸು, ಮರ ನಿಂತರೆ ಇಲ್ಲ. ಆ ಗಂಟು ಬಿದ್ದದ್ದು ಅಲ್ಲಿ.

ಆರೆಗಾನಿನಲ್ಲಿ ಇನ್ನೊಂದು ಗಂಟು ಇತ್ತು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪೋರ್ಟ್‌ಲ್ಯಾಂಡಿನಿಂದ ಕ್ಯಾಲಿಫೋರ್ನಿಯಾದ ಗಡಿಗೆ ರೈಲು ಹಾಕಲು 1866ರಲ್ಲಿ ಸರ್ಕಾರ ಒಂದು ರೈಲ್ವೆ ಕಂಪನಿಗೆ ಹಳಿಯ ಎರಡೂ ಬದಿಗೆ ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು ಜಮೀನು ಕೊಟ್ಟಿತು. ಆಮೇಲೆ ಷರತ್ತು ಬಂತು: ಅಲ್ಲೇ ನೆಲೆಸುವ ರೈತರಿಗೆ ಮಾತ್ರ ಮಾರಬೇಕು, ಒಬ್ಬರಿಗೆ 160 ಎಕರೆ ಮೀರಬಾರದು, ಎಕರೆಗೆ ಎರಡೂವರೆ ಡಾಲರ್ ಮೀರಬಾರದು. ಕಂಪನಿ ಮೂರನ್ನೂ ಮುರಿದು, ನಾಟಾ ವ್ಯಾಪಾರಿಗಳಿಗೆ ದೊಡ್ಡ ದೊಡ್ಡ ತುಂಡುಗಳನ್ನು ಮಾರಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1916ರಲ್ಲಿ ಸಂಸತ್ತು ಉಳಿದಿದ್ದ ಸುಮಾರು 28 ಲಕ್ಷ ಎಕರೆಯನ್ನು ವಾಪಸು ಪಡೆಯಿತು. ಕಂಪನಿ ಕೈಯಲ್ಲಿದ್ದಾಗ ಆ ಜಮೀನು ಕಂದಾಯ ಕಟ್ಟುತ್ತಿತ್ತು. ಸರ್ಕಾರದ್ದಾದ ಕೂಡಲೇ ಅದು ನಿಂತಿತು. ತಪ್ಪು ಕಂಪನಿಯದು, ಬರೆ ಬಿದ್ದದ್ದು ಕೌಂಟಿಗಳಿಗೆ. ಕೊನೆಗೆ 1937ರ ಕಾನೂನಿನಲ್ಲಿ ಈ ಜಮೀನಿನ ನಾಟಾ ಆದಾಯದ ಅರ್ಧ ಪಾಲು ಪಶ್ಚಿಮ ಆರೆಗಾನಿನ 18 ಕೌಂಟಿಗಳಿಗೆ ಎಂದು ಗೊತ್ತಾಯಿತು.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಮನೆ ಕಟ್ಟುವ ಭರಾಟೆ ಎದ್ದಾಗ ಈ ದುಡ್ಡು ಹೊಳೆಯ ಹಾಗೆ ಹರಿಯಿತು. ಜೋಸೆಫೀನ್ ಎಂಬ ಕೌಂಟಿಯಲ್ಲಿ ಆಸ್ತಿ ತೆರಿಗೆ ಸಾವಿರ ಡಾಲರ್ ಮೌಲ್ಯಕ್ಕೆ ಸುಮಾರು 59 ಸೆಂಟ್‌ನಷ್ಟು ಕಡಿಮೆ ಇಟ್ಟುಕೊಂಡೂ ಕೆಲಸ ನಡೆಯುತ್ತಿತ್ತು. 1990ರ ದಶಕದಲ್ಲಿ ಆರೆಗಾನ್ ಮತದಾರರು ತಂದ ತೆರಿಗೆ ಮಿತಿ ಆ ದರವನ್ನು ಅಲ್ಲಿಗೇ ಕಟ್ಟಿಹಾಕಿತು. ಕಾಡಿನ ದುಡ್ಡು ನಿಂತ ಮೇಲೆ ಮೂಲ ದರ ಏರಿಸುವ ದಾರಿಯೂ ಇಲ್ಲವಾಯಿತು.

ದುಡ್ಡು ನಿಂತದ್ದು ಹೇಗೆ? ಎಲ್ಲರೂ ಗೂಬೆಯ ಹೆಸರು ಹೇಳುತ್ತಾರೆ. 1990ರಲ್ಲಿ ಉತ್ತರದ ಚುಕ್ಕೆ ಗೂಬೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. 1991ರಲ್ಲಿ ನ್ಯಾಯಾಧೀಶ ವಿಲಿಯಂ ಡ್ವೈಯರ್ ಗೂಬೆಯ ನೆಲೆಯಾದ ಕಾಡುಗಳಲ್ಲಿ ಮರ ಮಾರಾಟಕ್ಕೆ ತಡೆ ಕೊಟ್ಟರು. ಅವರ ತೀರ್ಪನ್ನು ಓದಿದರೆ ದೋಷ ಗೂಬೆಯದಲ್ಲ ಎಂಬುದು ಗೊತ್ತಾಗುತ್ತದೆ. ವನ್ಯಜೀವಿ ಕಾನೂನನ್ನು ಪಾಲಿಸಲು ಸರ್ಕಾರಿ ಸಂಸ್ಥೆಗಳು ಬೇಕೆಂದೇ ಒಪ್ಪಲಿಲ್ಲ, ಅದಕ್ಕೆ ಹೊಣೆ ಕೆಳಗಿನ ಅರಣ್ಯ ಸಿಬ್ಬಂದಿಯಲ್ಲ, ಮೇಲಿನವರು ಎಂದು ಅವರು ಸ್ಪಷ್ಟವಾಗಿ ಬರೆದಿದ್ದಾರೆ. ನೂರಾರು ವರ್ಷದ ಡಗ್ಲಸ್ ಫರ್ ಮರಗಳನ್ನು ಅದು ಬೆಳೆಯುವ ವೇಗಕ್ಕಿಂತ ಬೇಗ ಕಡಿಯುತ್ತ ಬಂದಿದ್ದರು, ಎಂದೋ ಒಂದು ದಿನ ಅದು ಮುಗಿಯಲೇಬೇಕಿತ್ತು. ಆ ಹೊತ್ತಿಗಾಗಲೇ ಸಾಮಿಲ್ಲುಗಳಿಗೆ ಹೊಸ ಯಂತ್ರ ಬಂದು ಕೂಲಿಗಳ ಸಂಖ್ಯೆಯೂ ಇಳಿದಿತ್ತು. ಆದರೂ ಊರಿನ ಬಾಯಲ್ಲಿ ಉಳಿದದ್ದು ಗೂಬೆ. ನನಗೆ ಇದು ಬಹಳ ನೋವಿನ ಸಂಗತಿ. ಮಗುವಿನ ಶಾಲೆಯನ್ನು ಗರಗಸಕ್ಕೆ ಕಟ್ಟಿದ ಮೇಲೆ, ಕಾಡು ಉಳಿಸಿ ಅನ್ನುವವರೆಲ್ಲ ಮಗುವಿನ ವೈರಿಗಳಾಗಿ ಕಾಣುತ್ತಾರೆ. ಅಕ್ಕಪಕ್ಕದ ಮನೆಯವರು ಮಾತು ಬಿಡುತ್ತಾರೆ.

ಆ ಗಂಟನ್ನು ಬಿಚ್ಚಿದ ಕಾನೂನು 2000ನೇ ಇಸವಿಯದು. ಆರೆಗಾನಿನ ಡೆಮಾಕ್ರಟ್ ಸೆನೆಟರ್ ರಾನ್ ವೈಡನ್, ಐಡಹೋದ ರಿಪಬ್ಲಿಕನ್ ಲ್ಯಾರಿ ಕ್ರೇಗ್ ಸೇರಿ ತಂದದ್ದು. ಗ್ರಾಮೀಣ ಶಾಲೆಗಳ ಭದ್ರತೆಯ ಕಾನೂನು ಎಂದು ಕರೆಯೋಣ. 1986ರಿಂದ 1999ರವರೆಗೆ ಹೆಚ್ಚು ಹಣ ಬಂದ ಮೂರು ವರ್ಷಗಳ ಸರಾಸರಿ ತೆಗೆದು, ಅಷ್ಟನ್ನು ಖಜಾನೆಯಿಂದಲೇ ಕೊಡುವುದು. ಮರ ಕಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇದರಲ್ಲಿ ನನಗೆ ಬಹಳ ಇಷ್ಟವಾದ ಭಾಗ ಒಂದಿದೆ. ಹಣದ ಒಂದಿಷ್ಟು ಪಾಲನ್ನು ಕಾಡಿನ ಕೆಲಸಕ್ಕೇ ಇಟ್ಟು, ಯಾವ ಕೆಲಸ ಎಂದು ಶಿಫಾರಸು ಮಾಡಲು 15 ಜನರ ಸ್ಥಳೀಯ ಸಮಿತಿಗಳನ್ನು ಮಾಡಿದರು. ನಾಟಾ ವ್ಯಾಪಾರದವರು, ಪರಿಸರದವರು, ಸ್ಥಳೀಯ ಚುನಾಯಿತರು, ಮೂಲನಿವಾಸಿ ಬುಡಕಟ್ಟಿನವರು ಒಂದೇ ಮೇಜಿಗೆ ಬಂದರು. ಕೋರ್ಟಿನಲ್ಲಿ ಎದುರಾಳಿಗಳಾಗಿದ್ದವರು ತೊರೆಯ ಮೋರಿ ದುರಸ್ತಿಯ ಬಗ್ಗೆ, ಮೀನು ದಾಟುವ ದಾರಿಯ ಬಗ್ಗೆ ಕೂತು ಮಾತಾಡುವಂತಾಯಿತು.

ಆದರೆ ಈ ಕಾನೂನಿಗೆ 2006ಕ್ಕೆ ಕೊನೆ ಎಂದು ಆಗಲೇ ಬರೆದಿಟ್ಟಿದ್ದರು. ಜಾಕ್ಸನ್ ಕೌಂಟಿಯ ಬೀಗದ ಮೂಲ ಅದೇ. ಒಂದು ವರ್ಷಕ್ಕೆ ಮುಂದುವರಿಸಿದರು, 2008ರಲ್ಲಿ ಬ್ಯಾಂಕುಗಳನ್ನು ಉಳಿಸುವ ಮಸೂದೆಯ ಜೊತೆ ಸೇರಿಸಿ ಮತ್ತೆ ಮುಂದುವರಿಸಿದರು, ಅದೂ ವರ್ಷ ವರ್ಷ ಇಳಿಯುವ ಮೊತ್ತಕ್ಕೆ. ಆಮೇಲೆ ಹೆದ್ದಾರಿ ಮಸೂದೆಯ ಜೊತೆ, ಹೀಲಿಯಂ ದಾಸ್ತಾನಿನ ಮಸೂದೆಯ ಜೊತೆ, ವೃದ್ಧರ ವೈದ್ಯಕೀಯ ವಿಮೆಯ ಮಸೂದೆಯ ಜೊತೆ. 700ಕ್ಕೂ ಹೆಚ್ಚು ಕೌಂಟಿಗಳ ಮಕ್ಕಳ ವಿಷಯ ಯಾರದೋ ಬಂಡಿಗೆ ಕಟ್ಟಿದ ಹಗ್ಗವಾಯಿತು. ನವೀಕರಣ ತಪ್ಪಿದಾಗ ಹಳೆಯ 1908ರ ಲೆಕ್ಕವೇ ಬರುತ್ತದೆ. 2016ರ ಪಾಲಿನಲ್ಲಿ ಹಾಗಾದಾಗ ಹಣ ಸುಮಾರು ಐದನೇ ಒಂದು ಭಾಗಕ್ಕೆ ಕುಸಿಯಿತು. 2012ರಲ್ಲಿ ಜೋಸೆಫೀನ್ ಕೌಂಟಿಯ ಜನ ವಿಶೇಷ ತೆರಿಗೆಯನ್ನು ಮತ ಹಾಕಿ ತಿರಸ್ಕರಿಸಿದ ಮೇಲೆ ಅಲ್ಲಿನ ಶೆರಿಫ್, ಅಂದರೆ ಕೌಂಟಿ ಪೊಲೀಸರ ಗಸ್ತು ವಾರದ ದಿನಗಳ ಹಗಲಿಗೆ ಇಳಿಯಿತು. 2017ರಲ್ಲಿ ಡಗ್ಲಸ್ ಕೌಂಟಿ ತನ್ನ ಗ್ರಂಥಾಲಯ ವ್ಯವಸ್ಥೆಯನ್ನೇ ಮುಚ್ಚಿತು. 2023ರ ನಂತರ ಈ ಕಾನೂನು ಮತ್ತೆ ನಿಂತು, 2025ರ ಡಿಸೆಂಬರ್‌ನಲ್ಲಿ ಅದಕ್ಕೆ ಮತ್ತೊಮ್ಮೆ ಜೀವ ಬಂತು, ಅದೂ ಅಲ್ಪ ಅವಧಿಗೆ.

ಜನರೇ ತೆರಿಗೆ ಏರಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಜೋಸೆಫೀನ್ ವಿಷಯದಲ್ಲಿ ಆ ಮಾತಿನಲ್ಲಿ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಆರೆಗಾನಿನಲ್ಲಿ ಅರಣ್ಯ ಸೇವೆಯ ಹಣದ ಮುಕ್ಕಾಲು ರಸ್ತೆಗೆ, ಕಾಲು ಭಾಗ ಮಾತ್ರ ಶಾಲೆಗೆ ಹೋಗುತ್ತದೆ ಎಂಬುದೂ ನಿಜ. ಆದರೆ ನೆಲದ ಶೇ 80 ಭಾಗ ಇಡೀ ದೇಶದ ಆಸ್ತಿಯಾಗಿರುವ ಕಡೆ, ಉಳಿದ ತುಣುಕಿನ ಮೇಲೆ ಎಷ್ಟು ತೆರಿಗೆ ಹಾಕಲು ಸಾಧ್ಯ? ಆ ಕಾಡಿನ ನೀರನ್ನು ಪಟ್ಟಣದವರು ಕುಡಿಯುತ್ತಾರೆ, ಅದರ ನೆರಳಿಗೆ ದೇಶವೆಲ್ಲ ಪ್ರವಾಸ ಬರುತ್ತದೆ. ಅಲ್ಲಿ ಬೆಂಕಿ ಬಿದ್ದಾಗ ಹೊಗೆ ಕುಡಿಯುವವರು ಕಾಡಂಚಿನವರು. ಹೀಗಿರುವಾಗ ಈ ಹಣವನ್ನು ನೆರವು ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅದು ಬಾಕಿ.

2019ರಲ್ಲಿ ವೈಡನ್ ಮತ್ತು ಐಡಹೋದ ಮೈಕ್ ಕ್ರೇಪೊ ಒಂದು ಮಸೂದೆ ಮಂಡಿಸಿದರು. ನಮ್ಮ ಶಾಲೆಗಳಲ್ಲಿ ಹಿರಿಯರು ದತ್ತಿ ಇಡುತ್ತಾರಲ್ಲ, ಅಸಲು ಮುಟ್ಟದೆ ಬಡ್ಡಿಯಲ್ಲಿ ಪ್ರತಿ ವರ್ಷ ಮಕ್ಕಳಿಗೆ ಬಹುಮಾನ ಕೊಡುವ ಹಾಗೆ, ಅದೇ ಮಾದರಿಯ ಶಾಶ್ವತ ನಿಧಿ ಅದು. ಅದರ ಫಲ ಕೌಂಟಿಗಳಿಗೆ, ಯಾವ ಬಂಡಿಗೂ ಕಟ್ಟಬೇಕಿಲ್ಲ. ಆ ಮಸೂದೆ ಪಾಸಾಗಲಿಲ್ಲ. ನನ್ನ ಮಟ್ಟಿಗೆ ಆಗಬೇಕಾದ ಕೆಲಸ ಅದೊಂದೇ.

ಯಾಕೆ ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಒಂದು ನಿಯಮವಿದೆ. ಮುಂದಿನ ವರ್ಷ ಕೆಲಸದಿಂದ ತೆಗೆಯಬೇಕಾಗಬಹುದು ಅನ್ನಿಸಿದ ಶಿಕ್ಷಕರಿಗೆ ಮಾರ್ಚ್ 15ರೊಳಗೆ ಮುನ್ಸೂಚನೆ ಪತ್ರ ಕೊಡಬೇಕು. ರಾಜಧಾನಿ ವಾಷಿಂಗ್ಟನ್ನಿನಲ್ಲಿ ಈ ಕಾನೂನಿನ ನವೀಕರಣ ಏಪ್ರಿಲ್‌ನಲ್ಲಿ ಆಗಬಹುದು, ಡಿಸೆಂಬರ್‌ನಲ್ಲಿ ಆಗಬಹುದು. ಬೆಟ್ಟದ ಸಂದಿಯ ಸಣ್ಣ ಶಾಲೆಯ ಆಡಳಿತಕ್ಕೆ ಅಷ್ಟು ಕಾಯುವ ಅವಕಾಶವಿಲ್ಲ. ದುಡ್ಡು ಬರುತ್ತದೋ ಇಲ್ಲವೋ ತಿಳಿಯದೆ ಪತ್ರ ಕಳಿಸಬೇಕು. ಪತ್ರ ಸಿಕ್ಕ ಮೇಷ್ಟ್ರು ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಳ್ಳುತ್ತಾರೆ. ಆಮೇಲೆ ದುಡ್ಡು ಬಂದರೂ ಆ ಮೇಷ್ಟ್ರು ವಾಪಸು ಬರುವುದಿಲ್ಲ.